ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ‘ಮೈಲೇಜ್ ಚಿಪ್’: ಎಂಟು ಟ್ಯಾಂಕ್ ಪೆಟ್ರೋಲ್ ಲೆಕ್ಕದ ನಂತರ

ಸ್ಟೀರಿಂಗ್ ಕೆಳಗಿರುವ ಒಬಿಡಿ ಪೋರ್ಟ್‌ಗೆ (ಕಾರಿನ ದೋಷ ಪತ್ತೆಗೆ ಮೆಕ್ಯಾನಿಕ್‌ಗಳು ಬಳಸುವ ಕಿಂಡಿ) ಸಿಕ್ಕಿಸಿದರೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವನ್ನು ಮರುಹೊಂದಿಸಿ ಶೇ 15ರಿಂದ 30ರಷ್ಟು ಇಂಧನ ಉಳಿಸುತ್ತದೆ ಎಂದು ಹೇಳಿ ಮಾರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಸಾಧನವೊಂದನ್ನು 499 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿ, ನಾಲ್ಕು ತಿಂಗಳು ಪರೀಕ್ಷಿಸಿ, ಕೊನೆಗೆ ಬಿಚ್ಚಿಯೂ ನೋಡಿದ್ದೇನೆ. ಇದೇ ಬಗೆಯ ಸಾಧನ ಹಲವು ಹೆಸರುಗಳಲ್ಲಿ, ಹಲವು ಬಣ್ಣಗಳಲ್ಲಿ ಸಿಗುವುದರಿಂದ ನಾನು ಕೊಂಡದ್ದು ಯಾವ ಹೆಸರಿನದು ಎಂಬುದು ಮುಖ್ಯವಲ್ಲ. ಅದರಿಂದ ನನ್ನ ಕಾರಿನ ಮೈಲೇಜ್ ಏನೇನೂ ಹೆಚ್ಚಲಿಲ್ಲ. ಆದರೂ ಮೊದಲ ಎರಡು ಟ್ಯಾಂಕ್‌ಗಳಲ್ಲಿ ಹೆಚ್ಚಿತೆಂದು ನಾನೇ ನಂಬಿದ್ದೆ. ಆ ನಂಬಿಕೆ ಹೇಗೆ ಹುಟ್ಟಿತು ಎಂಬುದನ್ನು ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಇಂಥ ಸಾಧನಗಳಿಗೆ ಸಿಗುವ ಪ್ರಾಮಾಣಿಕ ಮೆಚ್ಚುಗೆಗಳಲ್ಲಿ ಬಹಳಷ್ಟು ಹೀಗೆಯೇ ಹುಟ್ಟಿರಬೇಕು ಎಂದು ನನಗೀಗ ಅನ್ನಿಸುತ್ತದೆ.

ನನ್ನದು 2018ರ ಪೆಟ್ರೋಲ್ ಸ್ವಿಫ್ಟ್. ಹಾಸನದಿಂದ ಬೆಂಗಳೂರಿಗೆ ಎರಡು ವಾರಕ್ಕೊಮ್ಮೆ ಹೋಗಿ ಬರುವ ನಾನು, ಕಾರು ಕೊಂಡ ದಿನದಿಂದ ಪೆಟ್ರೋಲ್ ಲೆಕ್ಕವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಲೀಟರಿಗೆ 18.4 ಕಿಲೊಮೀಟರ್ ಆಸುಪಾಸಿನಲ್ಲಿದ್ದ ಸರಾಸರಿ, ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಎಲ್ಲ ಬಂಕ್‌ಗಳಿಗೂ ಬಂದ ಮೇಲೆ 17.4ರ ಹತ್ತಿರಕ್ಕೆ ಇಳಿಯಿತು. ಇದು ಅಚ್ಚರಿಯ ಸಂಗತಿಯಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನಲ್ಲಿರುವುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಲಾದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಮೈಲೇಜ್ ಕುಸಿಯಬಹುದು ಎಂದು ನೀತಿ ಆಯೋಗ 2021ರಲ್ಲಿ ಹೊರತಂದ ಎಥನಾಲ್ ಮಾರ್ಗಸೂಚಿಯೇ ಹೇಳಿತ್ತು. ಪೆಟ್ರೋಲ್ ದರ ನೂರು ರೂಪಾಯಿ ದಾಟಿರುವ ಕಾಲದಲ್ಲಿ ಲೀಟರಿಗೆ ಒಂದು ಕಿಲೊಮೀಟರ್ ಕಳೆದುಕೊಂಡವನಿಗೆ ಮೈಲೇಜ್ ಹೆಚ್ಚಿಸುವ ಜಾಹೀರಾತು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ನನಗೂ ಹಾಗೆಯೇ ಆಯಿತು.

ಅಳತೆಯ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಒಂದೇ ಬಂಕ್, ಒಂದೇ ಪಂಪ್. ನಾಜಲ್ ಮೊದಲ ಬಾರಿ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸುವುದು, ಆಮೇಲೆ ಹುಡುಗ ಎಷ್ಟು ಹೇಳಿದರೂ ರೌಂಡ್ ಮೊತ್ತಕ್ಕೆ ತುಂಬಿಸದಿರುವುದು. ಪ್ರತಿ ಸಲವೂ ಸುಮಾರು 500 ಕಿಲೊಮೀಟರ್ ಓಡಿದ ಮೇಲೆ ತುಂಬಿಸುತ್ತಿದ್ದೆ. ಇಷ್ಟು ಎಚ್ಚರ ವಹಿಸಿದರೂ ತಪ್ಪಿಗೆ ಜಾಗ ಉಳಿಯುತ್ತದೆ: 30 ಲೀಟರ್ ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ ಮೈಲೇಜ್ ಲೆಕ್ಕದಲ್ಲಿ 0.3 ಕಿಲೊಮೀಟರ್ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಒಂದೇ ಟ್ಯಾಂಕ್ ಓಡಿಸಿ ‘ನನಗೆ ಅರ್ಧ ಕಿಲೊಮೀಟರ್ ಹೆಚ್ಚು ಬಂತು’ ಎನ್ನುವವರ ಮಾತನ್ನು, ಅವರು ಎಷ್ಟೇ ಸತ್ಯವಂತರಾಗಿದ್ದರೂ, ಪುರಾವೆಯೆಂದು ಒಪ್ಪಲಾಗದು.

ಸಾಧನ ಸಿಕ್ಕಿಸುವ ಮುನ್ನ ಮೂರು ಟ್ಯಾಂಕ್‌ಗಳಲ್ಲಿ 17.2, 17.6 ಮತ್ತು 17.3 ಬಂದಿತ್ತು. ಸಿಕ್ಕಿಸಿದ ಮೇಲೆ, ಜೊತೆಗಿದ್ದ ಚೀಟಿಯಲ್ಲಿ ಹೇಳಿದಂತೆ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು, ಅದು ‘ನಿಮ್ಮ ಚಾಲನೆಯನ್ನು ಕಲಿಯಲು’ ಬೇಕೆಂದ 200 ಕಿಲೊಮೀಟರ್‌ಗಳನ್ನು ಲೆಕ್ಕಕ್ಕೆ ಹಿಡಿಯದೆ ಓಡಿಸಿ, ನಂತರ ಅಳೆದೆ. ಮೊದಲ ಟ್ಯಾಂಕ್ 18.5, ಎರಡನೆಯದು 18.6. ಹಳೆಯ ಮೈಲೇಜ್ ಮರಳಿತೆಂಬ ಸಂತೋಷದಲ್ಲಿ ಇಬ್ಬರು ಸ್ನೇಹಿತರಿಗೆ ಸಾಧನದ ಫೋಟೊವನ್ನೂ ಕಳಿಸಿದೆ.

ಆ ಸಂತೋಷಕ್ಕೆ ಕಾರಣ ಬೇರೆಯೇ ಇದೆ ಎಂದು ತೋರಿಸಿಕೊಟ್ಟವರು ಹಿಂದಿನ ಸೀಟಿನಲ್ಲಿದ್ದ ನನ್ನ ತಾಯಿ. ಯಡಿಯೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ, “ಇತ್ತೀಚೆಗೆ ಗಾಡಿ ನಿಧಾನಕ್ಕೆ ಓಡಿಸ್ತಿದ್ದೀಯಲ್ಲಪ್ಪ, ನನಗೆ ಸೊಂಟ ನೋವೇ ಬರ್ಲಿಲ್ಲ” ಅಂದರು. ಯೋಚಿಸಿದಾಗ ಅದು ನಿಜವೆಂದು ಹೊಳೆಯಿತು. ಮೈಲೇಜ್ ಪರೀಕ್ಷೆ ನಡೆಯುತ್ತಿದೆ ಎಂಬ ಅರಿವು ತಲೆಯಲ್ಲಿದ್ದುದರಿಂದ, ಚತುಷ್ಪಥದಲ್ಲಿ 95ರಲ್ಲಿ ಹೋಗುತ್ತಿದ್ದವನು 80ಕ್ಕೆ ಇಳಿದಿದ್ದೆ. ಹಂಪ್ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಿದ್ದೆ. ಟೋಲ್ ದಾಟಿದ ಮೇಲೆ ಒಮ್ಮೆಲೇ ಎಳೆಯುವುದನ್ನು ಬಿಟ್ಟಿದ್ದೆ. ಗಾಳಿಯ ಎದುರೊತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಅಂದರೆ 80ರಲ್ಲಿ ಇರುವುದಕ್ಕಿಂತ 95ರಲ್ಲಿ ಅದು ಶೇ 41ರಷ್ಟು ಹೆಚ್ಚು. ಒಂದು ಕಿಲೊಮೀಟರ್ ಮೈಲೇಜ್ ಅಲ್ಲಿಂದಲೇ ಬಂದಿರಬಹುದಲ್ಲವೇ ಎಂಬ ಅನುಮಾನ ಹುಟ್ಟಿತು.

ಅನುಮಾನ ತೀರಿಸಿಕೊಳ್ಳಲು ಸಾಧನವನ್ನು ಕಿತ್ತು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿಟ್ಟು, ಅದೇ 80ರ ಮಿತಿಯಲ್ಲಿ ಎರಡು ಟ್ಯಾಂಕ್ ಓಡಿಸಿದೆ: 18.6 ಮತ್ತು 18.4. ಕೊನೆಗೆ ಸಾಧನವನ್ನು ಮತ್ತೆ ಸಿಕ್ಕಿಸಿ, ನನ್ನ ಹಳೆಯ ಅಭ್ಯಾಸದಂತೆ 95ರಲ್ಲಿ ಒಂದು ಟ್ಯಾಂಕ್ ಓಡಿಸಿದೆ: 17.4. ಸಾಧನ ಇದ್ದರೂ ಇಲ್ಲದಿದ್ದರೂ ಅಂಕಿ ಬದಲಾಗಿದ್ದು ನನ್ನ ಕಾಲಿನ ಜೊತೆಗೇ.

ಆಮೇಲೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಅದರ ಮುಚ್ಚಳ ಎಬ್ಬಿಸಿದೆ. ಒಬಿಡಿ ಪೋರ್ಟ್‌ನಲ್ಲಿ 16 ಪಿನ್‌ಗಳಿರುತ್ತವೆ. 16ನೆಯದು ಬ್ಯಾಟರಿಯ ಪ್ಲಸ್, 4 ಮತ್ತು 5 ಗ್ರೌಂಡ್. ಕಾರಿನ ಇಸಿಯು ಜೊತೆ ಮಾತನಾಡಲು ಬಳಕೆಯಾಗುವ ಕ್ಯಾನ್ ತಂತಿಗಳು 6 ಮತ್ತು 14ರಲ್ಲಿ ಬರುತ್ತವೆ. ನನ್ನ ಸಾಧನದ ಹಸಿರು ಬೋರ್ಡ್‌ನಲ್ಲಿ 6 ಮತ್ತು 14ನೇ ಪಿನ್‌ಗಳಿಂದ ಎಲ್ಲಿಗೂ ತಾಮ್ರದ ಗೆರೆಯೇ ಹೋಗಿರಲಿಲ್ಲ. ಬ್ಯಾಟರಿಯಿಂದ ಕರೆಂಟ್ ತೆಗೆದುಕೊಂಡು ಮೂರು ಎಲ್‌ಇಡಿಗಳನ್ನು ಮಿನುಗಿಸುವ ಒಂದು ಪುಟ್ಟ ಚಿಪ್, ಒಂದು ಗುಂಡಿ, ನಾಲ್ಕಾರು ರೆಸಿಸ್ಟರ್‌ಗಳು, ಇಷ್ಟೇ. ಇಸಿಯು ಜೊತೆ ಸಂಪರ್ಕವೇ ಇಲ್ಲದ ವಸ್ತು ಇಸಿಯುವನ್ನು ‘ಮರುಹೊಂದಿಸುತ್ತದೆ’ ಎಂಬ ಮಾತು ಶುದ್ಧ ಸುಳ್ಳು. ಗಾಡಿ ನಿಲ್ಲಿಸಿದಾಗಲೂ ಬ್ಯಾಟರಿಯ 16ನೇ ಪಿನ್‌ನಲ್ಲಿ ಕರೆಂಟ್ ಇರುತ್ತದೆ; ಹಾಗಾಗಿ ವಾರಗಟ್ಟಲೆ ಓಡಿಸದ ಕಾರಿನಲ್ಲಿ ಇದನ್ನು ಬಿಟ್ಟರೆ ಬ್ಯಾಟರಿಯ ಮೇಲೆ ಬೇಡದ ಹೊರೆ ಬೀಳುತ್ತದೆ.

ಸಂಪರ್ಕವಿದ್ದಿದ್ದರೂ ಶೇ 30ರಷ್ಟು ಉಳಿತಾಯ ಎಲ್ಲಿಂದ ಬರಬೇಕಿತ್ತು ಎಂದು ಕೇಳಿಕೊಳ್ಳಬೇಕು. ಇಂದಿನ ಪೆಟ್ರೋಲ್ ಕಾರಿನ ಇಸಿಯು, ಒಳಗೆ ಬರುವ ಗಾಳಿಯನ್ನು ಅಳೆದು, ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಕ್ಷಣಕ್ಷಣಕ್ಕೂ ಇಂಧನವನ್ನು ಹೊಂದಿಸುತ್ತಿರುತ್ತದೆ. ಶುದ್ಧ ಪೆಟ್ರೋಲ್‌ನ ಮಟ್ಟಿಗೆ ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಎಂಬ ತೂಕದ ಅನುಪಾತ ಅದರ ಗುರಿ. ಆ ಅನುಪಾತ ತಪ್ಪಿದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹೊಗೆ ಕೆಡುತ್ತದೆ. ಸುಸ್ಥಿತಿಯಲ್ಲಿರುವ ಎಂಜಿನ್‌ನಲ್ಲಿ ಸಿಲಿಂಡರ್‌ಗೆ ಹೋದ ಪೆಟ್ರೋಲ್ ಹೆಚ್ಚುಕಡಿಮೆ ಪೂರ್ತಿಯಾಗಿಯೇ ಉರಿಯುತ್ತದೆ. ನಷ್ಟವಾಗುವುದು ಉರಿದ ಮೇಲೆ, ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹೋಗುವ ಶಾಖದ ರೂಪದಲ್ಲಿ. ಪೆಟ್ರೋಲ್ ಪೈಪಿಗೆ ಬಿಗಿಯುವ ಅಯಸ್ಕಾಂತಗಳು ‘ಇಂಧನವನ್ನು ಪೂರ್ತಿಯಾಗಿ ಉರಿಸುತ್ತವೆ’ ಎಂಬ ವಾದ ಬೀಳುವುದೂ ಇದೇ ಕಾರಣಕ್ಕೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದ್ದು, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸಿದ ಒಂದೇ ಒಂದು ಸಾಧನವೂ ಅದಕ್ಕೆ ಸಿಕ್ಕಿಲ್ಲ.

ಈ ಸಾಧನದ ಹುಡುಕಾಟದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಸುತ್ತಿದ್ದರಿಂದ, ಮೈಲೇಜ್ ಹೆಸರಿನಲ್ಲಿ ಮಾರುವ ಉಳಿದ ಬದಲಾವಣೆಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ತೊಳೆದು ಬಳಸುವ ಕೋನ್ ಏರ್ ಫಿಲ್ಟರ್ ಹಾಕಿದರೆ ಶಬ್ದ ಬದಲಾಗುತ್ತದೆ, ಮೈಲೇಜ್ ಬದಲಾಗುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಕಟ್ಟಿಕೊಂಡ ಫಿಲ್ಟರ್ ಕೂಡ ಇಂಧನ ಇಂಜೆಕ್ಷನ್ ಇರುವ ಕಾರುಗಳ ಮೈಲೇಜನ್ನು ಹೇಳಿಕೊಳ್ಳುವಷ್ಟು ಕಡಿಮೆ ಮಾಡಲಿಲ್ಲ, ಎಳೆತವನ್ನಷ್ಟೇ ಕುಗ್ಗಿಸಿತು. ಕೊಳಕು ಫಿಲ್ಟರ್‌ನಿಂದಲೇ ನಷ್ಟವಾಗದಿದ್ದರೆ ದುಬಾರಿ ಫಿಲ್ಟರ್‌ನಿಂದ ಲಾಭ ಎಲ್ಲಿಂದ ಬರಬೇಕು? ಟರ್ಬೊ ಡೀಸೆಲ್ ಕಾರಿನ ಇಸಿಯು ರೀಮ್ಯಾಪ್, ಅಂದರೆ ಇಸಿಯುವಿನ ಸಾಫ್ಟ್‌ವೇರ್ ಬದಲಾಯಿಸುವುದು, ಮಾತ್ರ ಬೇರೆ ಮಾತು. ಅದು ಎಂಜಿನ್‌ನ ಟಾರ್ಕನ್ನು (ತಿರುಗಿಸುವ ಬಲವನ್ನು) ನಿಜವಾಗಿಯೂ ಹೆಚ್ಚಿಸಬಲ್ಲದು, ಮೇಲಿನ ಗಿಯರ್‌ಗೆ ಬೇಗ ಹೋಗುವ ಸಂಯಮವಿದ್ದವರಿಗೆ ಅಲ್ಪ ಉಳಿತಾಯವೂ ಆಗಬಹುದು. ಆದರೆ ಹೆಚ್ಚಿದ ಎಳೆತ ಕೈಗೆ ಸಿಕ್ಕ ಮೇಲೆ ಅದನ್ನು ಬಳಸದೆ ಬಿಡುವವರು ಕಡಿಮೆ. ವಾರಂಟಿ ಹೋಗುವ ಸಾಧ್ಯತೆಯೂ ಹೊಗೆಯ ಮಿತಿ ಮೀರುವ ಸಾಧ್ಯತೆಯೂ ಜೊತೆಗೇ ಬರುತ್ತವೆ. ಸಿಎನ್‌ಜಿ ಕಿಟ್ ಕಿಲೊಮೀಟರಿನ ಖರ್ಚನ್ನು ಇಳಿಸುವುದು ನಿಜವಾದರೂ ಅದು ಇಂಧನವನ್ನೇ ಬದಲಿಸುವ ಮಾತಾದ್ದರಿಂದ ಈ ಸಾಲಿಗೆ ಸೇರುವುದಿಲ್ಲ. ಹಾಕಿಸುವವರು ಮಾನ್ಯತೆ ಪಡೆದ ಕಿಟ್ಟನ್ನೇ ಹಾಕಿಸಿ, ಆರ್‌ಟಿಒ ಮೂಲಕ ಆರ್‌ಸಿಯಲ್ಲಿ ನಮೂದು ಮಾಡಿಸಲೇಬೇಕು.

ಟೈರ್ ವಿಷಯ ಸ್ವಲ್ಪ ನಿಧಾನವಾಗಿ ನೋಡುವಂಥದ್ದು, ಏಕೆಂದರೆ ಅಲ್ಲಿ ಅಳತೆಯ ಕೋಲೇ ಬದಲಾಗಿಬಿಡುತ್ತದೆ. ನನ್ನ ಸ್ನೇಹಿತರೊಬ್ಬರು 165/80 ಆರ್14 ಟೈರ್ ತೆಗೆಸಿ, 15 ಇಂಚಿನ ಅಲಾಯ್ ಜೊತೆ 195/65 ಹಾಕಿಸಿ, ಮೈಲೇಜ್ ಬಿದ್ದುಹೋಯಿತೆಂದು ಕೊರಗುತ್ತಿದ್ದರು. ಹಳೆಯ ಟೈರ್‌ನ ಹೊರವ್ಯಾಸ ಸುಮಾರು 620 ಮಿಲಿಮೀಟರ್, ಹೊಸದರದ್ದು 634. ಚಕ್ರ ದೊಡ್ಡದಾದ್ದರಿಂದ ಕಾರು 102.4 ಕಿಲೊಮೀಟರ್ ಓಡಿದಾಗ ಮೀಟರ್ 100 ಎಂದಷ್ಟೇ ತೋರಿಸುತ್ತದೆ, ಅಂದರೆ ಅವರು ಕಳೆದುಕೊಂಡೆನೆಂದುಕೊಂಡದ್ದರಲ್ಲಿ ಒಂದು ಭಾಗ ಮೀಟರಿನ ತಪ್ಪು, ಉಳಿದದ್ದು ಅಗಲವಾದ ಭಾರದ ಚಕ್ರದ ನಿಜವಾದ ನಷ್ಟ. ಇದನ್ನೇ ತಿರುಗಿಸಿದರೆ, ಚಿಕ್ಕ ಟೈರ್ ಹಾಕಿಸಿಕೊಂಡವರಿಗೆ ಒಂದು ಹನಿ ಪೆಟ್ರೋಲ್ ಉಳಿಯದೆಯೂ ಮೈಲೇಜ್ ಹೆಚ್ಚಿದಂತೆ ಕಾಣುತ್ತದೆ. ಟೈರ್‌ನಲ್ಲಿ ನಿಜವಾಗಿ ಉಳಿತಾಯವಾಗುವುದು ಗಾಳಿಯಿಂದ: ನಾಲ್ಕೂ ಚಕ್ರಗಳಲ್ಲಿ ಗಾಳಿಯ ಒತ್ತಡ ಒಂದೊಂದು ಪಿಎಸ್‌ಐ ಇಳಿದರೆ ಸುಮಾರು ಶೇ 0.2ರಷ್ಟು ಮೈಲೇಜ್ ಹೋಗುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಸಣ್ಣ ಅಂಕಿಯೇ, ಆದರೆ ಅದಕ್ಕೆ ಬೇಕಾಗುವುದು ಪಂಕ್ಚರ್ ಅಂಗಡಿಯಲ್ಲಿ ಐದು ನಿಮಿಷ.

ಹಣ ವಾಪಸ್ ಪಡೆಯುವ ವಿಷಯದಲ್ಲಿ ನನಗೆ ಬೇಸರಕ್ಕಿಂತ ಕೋಪವೇ ಹೆಚ್ಚು. ವಸ್ತುವನ್ನು ಹಿಂದಿರುಗಿಸಲು ಏಳು ದಿನಗಳ ಗಡುವು ಇತ್ತು. ಸಾಧನ ‘ಕಲಿಯಲು’ 200 ಕಿಲೊಮೀಟರ್, ಪರಿಣಾಮ ಕಾಣಲು ಇನ್ನೂ ಒಂದು ಟ್ಯಾಂಕ್ ಕಾಯಿರಿ ಎಂದು ಚೀಟಿಯಲ್ಲಿ ಬರೆದಿತ್ತು. ದಿನಕ್ಕೆ ಹತ್ತಿಪ್ಪತ್ತು ಕಿಲೊಮೀಟರ್ ಓಡಿಸುವ ಯಾವ ಕುಟುಂಬಕ್ಕೂ ಆ ಗಡುವಿನೊಳಗೆ ಸತ್ಯ ತಿಳಿಯುವುದು ಸಾಧ್ಯವಿಲ್ಲ. ನಾನು ಕಳಿಸಿದ ದೂರಿಗೆ ಮಾರಾಟಗಾರರು ಉತ್ತರಿಸಲೇ ಇಲ್ಲ. 499 ರೂಪಾಯಿಗಾಗಿ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವವರು ಯಾರೂ ಇರುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆಯೇ ಈ ವ್ಯಾಪಾರ ನಿಂತಿದೆ.

ಇಷ್ಟು ವಿವರವಾಗಿ ಬರೆಯಲು ಇನ್ನೊಂದು ಕಾರಣ ನಮ್ಮ ಬೀದಿಯ ಟ್ಯಾಕ್ಸಿ ಚಾಲಕರೊಬ್ಬರು. ಕಂತು ಕಟ್ಟಿಕೊಂಡು ಗಾಡಿ ಓಡಿಸುವ ಅವರು ಒಂದು ಸಂಜೆ ಬಂದು, “ಸಾರ್, ನೀವೇನೋ ಚಿಪ್ ಹಾಕ್ಸಿದ್ದೀರಂತಲ್ಲ, ನಮ್ ಗಾಡಿಗೂ ಒಂದು ತರಿಸ್ಕೊಡ್ತೀರಾ?” ಎಂದು ಕೇಳಿದರು. ಬಿಚ್ಚಿಟ್ಟಿದ್ದ ಬೋರ್ಡನ್ನು ಅವರ ಅಂಗೈಯಲ್ಲಿಟ್ಟು ತೋರಿಸಿದೆ. ನಂತರ ಅವರ ಕಾರಿನ ಬಳಿ ಹೋದರೆ, ಶಬರಿಮಲೆ ಟ್ರಿಪ್‌ಗೆಂದು ಹಾಕಿಸಿದ ಕ್ಯಾರಿಯರ್ ಜೂನ್ ತಿಂಗಳಲ್ಲೂ ತಲೆಯ ಮೇಲೆಯೇ ಇತ್ತು. ಮೇಲ್ಛಾವಣಿಯ ದೊಡ್ಡ ಲಗೇಜ್ ಪೆಟ್ಟಿಗೆ ಹೆದ್ದಾರಿಯಲ್ಲಿ ಶೇ 6ರಿಂದ 17ರಷ್ಟು ಮೈಲೇಜ್ ತಿನ್ನುತ್ತದೆ ಎಂದು ಅಮೆರಿಕದ ಅದೇ ಇಂಧನ ಇಲಾಖೆ ಹೇಳುತ್ತದೆ. ಖಾಲಿ ಕ್ಯಾರಿಯರ್‌ನ ನಷ್ಟ ಅಷ್ಟಿರದಿದ್ದರೂ ದಿನವಿಡೀ ಹೆದ್ದಾರಿಯಲ್ಲಿರುವ ಗಾಡಿಗೆ ಅದು ಕಡಿಮೆಯೇನಲ್ಲ. ಇಬ್ಬರೂ ಸೇರಿ ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯಲ್ಲಿ ಇಳಿಸಿದೆವು. ಮೂರು ವಾರಗಳ ನಂತರ, ಲೀಟರಿಗೆ ಮೊದಲಿಗಿಂತ ಒಂದು ಕಿಲೊಮೀಟರ್‌ಗೂ ತುಸು ಹೆಚ್ಚು ಸಿಗುತ್ತಿದೆ ಎಂದು ತಮ್ಮ ಡೈರಿ ತೆರೆದು ತೋರಿಸಿದರು. ಕ್ಯಾರಿಯರ್ ಈಗ ಅವರ ಮನೆಯ ತಾರಸಿಯ ಮೇಲಿದೆ; ಕಾರ್ತಿಕದಲ್ಲಿ ಮಾಲೆ ಹಾಕಿದವರು ಗಾಡಿ ಕೇಳಿಕೊಂಡು ಬಂದಾಗ ಮತ್ತೆ ಏರಿಸುತ್ತೇನೆ ಎಂದಿದ್ದಾರೆ.