ಹುರುಳಿ ಒಕ್ಕಣೆ ರಸ್ತೆ, ರಿಯರ್ ವೀಲ್ ಡ್ರೈವ್ ಕಾರು: ಹುಷಾರು

ಡಿಸೆಂಬರಿನಿಂದ ಸಂಕ್ರಾಂತಿವರೆಗೆ ಹೊಳಲ್ಕೆರೆ, ಹೊಸದುರ್ಗದ ಕಡೆ ಬೆಳಗಿನ ಜಾವ ಕಾರು ತೆಗೆಯುವವರು ಇದನ್ನೊಮ್ಮೆ ಓದಿ. ಅದರಲ್ಲೂ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿರುವ ಹುಡುಗರು ಓದಲೇಬೇಕು.

ನನ್ನ ಹೆಂಡತಿಯ ತಮ್ಮ ಬೆಂಗಳೂರಿನ ಹಳೇ ಕಾರು ಮಾರುವ ಅಂಗಡಿಯೊಂದರಿಂದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ತಂದಿದ್ದ. ಎಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ. ಗಾಡಿ ಹೆಚ್ಚು ಓಡಿರಲಿಲ್ಲ, ಟೈರಿನ ಬಟನ್ ಒಂಚೂರೂ ಸವೆದಿರಲಿಲ್ಲ. 'ಟೈರ್ ಎಲ್ಲಾ ಹೊಸದಿದ್ದಂಗೆ ಸಾರ್, ಮಳೆಗಾಲಾನೂ ಮುಗೀತು, ಇನ್ಯಾಕೆ ಯೋಚನೆ' ಅಂದು ಅಂಗಡಿಯವನು ಕೀ ಕೈಗಿಟ್ಟಿದ್ದ.

ಚಿತ್ರದುರ್ಗ ಬಿಟ್ಟು ಹೊಳಲ್ಕೆರೆ ಕಡೆ ಹೊರಟಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಮುಖ್ಯರಸ್ತೆ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿದೆವು. ಮಂಜು ಕವಿದಿತ್ತು, ಹುಡುಗ ನಿಧಾನವಾಗಿಯೇ ಓಡಿಸುತ್ತಿದ್ದ. ಒಂದು ತಿರುವಿನಲ್ಲಿ ಗಾಡಿಗಳು ತುಳಿದು ಕಾಳು ಬಿಡಲಿ ಅಂತ ರಸ್ತೆಯ ಪೂರ್ತಿ ಅಗಲಕ್ಕೆ ಹುರುಳಿ ಬಳ್ಳಿ ಹರವಿದ್ದು ಕಂಡಿತು. ರಾತ್ರಿಯೆಲ್ಲ ಇಬ್ಬನಿ ಬಿದ್ದು ಬಳ್ಳಿ ನೆಂದಿತ್ತು. ಗಾಬರಿಯಾಗಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ, ಅಷ್ಟೇ. ಕಾರಿನ ಹಿಂಭಾಗ ಎಡಕ್ಕೆ ಹೊರಳಿತು. ಬ್ರೇಕ್ ಒತ್ತಿದರೂ ಗಾಡಿ ನಿಲ್ಲಲಿಲ್ಲ, ಬಂದ ದಾರಿಯ ಕಡೆಗೇ ಮುಖ ತಿರುಗಿಸಿಕೊಂಡು ಜಾರಿ, ಹುರುಳಿ ಸುತ್ತ ಆಸರೆಗೆ ಇಟ್ಟಿದ್ದ ದಪ್ಪ ಕಲ್ಲಿಗೆ ಹೊಡೆಯಿತು. ಹಿಂದಿನ ರಿಮ್ ಸೀಳಿತು, ಸಸ್ಪೆನ್ಷನ್ ಬಾಗಿತು. ನಮಗೆ ಪೆಟ್ಟಾಗಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಕೆಳಗಿನಿಂದ ಹೊಗೆ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಜಾರುವಾಗ ಬಳ್ಳಿಯೆಲ್ಲ ಬಾಚಿಕೊಂಡು ಸೈಲೆನ್ಸರ್ ಪೈಪಿಗೆ, ಚಕ್ರದ ಶಾಫ್ಟಿಗೆ ಸುತ್ತಿಕೊಂಡಿತ್ತು. ಆ ಪೈಪಿನ ಮಧ್ಯೆ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ, ಓಡುವಾಗ ನೂರಾರು ಡಿಗ್ರಿ ಕಾಯುತ್ತದೆ. ಮೇಲಿನ ಪದರ ಇಬ್ಬನಿಗೆ ನೆಂದಿದ್ದರೂ ಅಡಿಯಲ್ಲಿದ್ದದ್ದು ಒಣ ಸರಕು. ಎಂಜಿನ್ ಆರಿಸಿ, ಇಳಿದು, ಇದ್ದಬದ್ದ ನೀರೆಲ್ಲ ಸುರಿದೆವು. ಹುರುಳಿ ಕಾಯುತ್ತಾ ಅಲ್ಲೇ ಮಲಗಿದ್ದ ಅಜ್ಜ ಓಡಿಬಂದು ಕುಡುಗೋಲಿನಲ್ಲಿ ಬಳ್ಳಿ ಎಳೆದು ಹಾಕದಿದ್ದರೆ ಕಾರು ಸುಟ್ಟೇ ಹೋಗುತ್ತಿತ್ತು. 'ದಿನಾ ಬಸ್ಸು, ಲಾರಿ ತುಳ್ಕೊಂಡು ಹೋಗ್ತಾವೆ ತಮ್ಮಾ, ಯಾವಕ್ಕೂ ಏನೂ ಆಗಿಲ್ಲ' ಅಂತ ಅಚ್ಚರಿಪಟ್ಟ ಅಜ್ಜ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಗಣಿ ಸಾರಿಸಿದ ಕಣ, ಕಾಳು ಒಕ್ಕುವ ರೋಣಗಲ್ಲು ಈಗ ಎಷ್ಟು ಮನೆಯಲ್ಲಿ ಉಳಿದಿವೆ? ಆದರೆ ಕಲ್ಲು ಇಡುವುದನ್ನಾದರೂ ಬಿಡಬೇಕು. ರಾತ್ರಿ ಬೈಕಿನವರು ಅದಕ್ಕೆ ಗುದ್ದಿದರೆ ಗತಿಯೇನು?

ಬಸ್ಸಿಗೆ ಆಗದ್ದು ಈ ಕಾರಿಗೆ ಯಾಕಾಯಿತು? ಬಸ್ಸಿನ ಹಿಂದಿನ ಚಕ್ರಗಳ ಮೇಲೆ ಟನ್‌ಗಟ್ಟಲೆ ಭಾರ. ಈ ಕಾರಿನಲ್ಲಿ ಎಂಜಿನ್ ಮುಂದೆ, ಹಿಂದಿನ ಸೀಟು ಹೆಸರಿಗಷ್ಟೇ. ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟಾಗ ಭಾರ ಇನ್ನಷ್ಟು ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಜೊತೆಗೆ ಎಂಜಿನ್ ಅದೇ ಚಕ್ರಗಳನ್ನು ಹಿಡಿದು ಎಳೆಯುತ್ತದೆ. ಮುಂದಿನ ಚಕ್ರ ಓಡಿಸುವ ಕಾರು ಜಾರಿದರೆ ಸಾಮಾನ್ಯವಾಗಿ ನೆಟ್ಟಗೆ ಜಾರುತ್ತದೆ, ಇದು ಬಾಲ ತಿರುಗಿಸುತ್ತದೆ. ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರಾಕ್ಷನ್ ಕಂಟ್ರೋಲ್ ಇದೆಯಲ್ಲ ಅಂತೀರಾ? ಅದು ಎಂಜಿನ್ ಜೋರು ತಗ್ಗಿಸಬಹುದು, ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಬಹುದು. ಇಲ್ಲದ ಹಿಡಿತವನ್ನು ಎಲ್ಲಿಂದ ತಂದೀತು?

ಅಸಲು ಕಾರಣ ಗೊತ್ತಾದದ್ದು ದಾವಣಗೆರೆಯ ಟೈರ್ ಅಂಗಡಿಯಲ್ಲಿ. ಟೈರಿನ ಪಕ್ಕದಲ್ಲಿ ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 2214 ಇತ್ತು, ಅಂದರೆ 2014ರ 22ನೇ ವಾರ ತಯಾರಾದದ್ದು! ಎಷ್ಟೋ ಟೈರುಗಳಲ್ಲಿ ಈ ತಾರೀಖು ಒಂದೇ ಬದಿಗೆ ಇರುತ್ತದೆ. ನಮ್ಮದರಲ್ಲಿ ಅದು ಒಳಬದಿಗೆ ಹೋಗಿತ್ತು, ಕಾರಿನಡಿ ಮಲಗಿ ನೋಡಿದರಷ್ಟೇ ಕಾಣುವ ಹಾಗೆ. ಬಟನ್ ಪೂರ್ತಿ ಇದ್ದರೂ ರಬ್ಬರ್ ಒಣಗಿ ಗಟ್ಟಿಯಾಗಿತ್ತು, ಉಗುರು ಒತ್ತಿದರೆ ಇಳಿಯುತ್ತಿರಲಿಲ್ಲ. ಸ್ಪೋರ್ಟ್ಸ್ ಕಾರಿನ ಸಮ್ಮರ್ ಟೈರುಗಳು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತವೆ ಅಂತ ಹಿಮ ಬೀಳುವ ದೇಶದವರು ವಿಡಿಯೋದಲ್ಲಿ ಹೇಳುತ್ತಾರೆ. ನಮ್ಮ ದುರ್ಗದ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ, ನಿಜ. ಆದರೆ ಮುದಿ ರಬ್ಬರಿಗೆ ಇಬ್ಬನಿಯೇ ಸಾಕಾಯಿತು.

ಅಂಗಡಿಯವನಿಗೆ ಫೋನ್ ಮಾಡಿದರೆ, 'ಹೊಸದು ಅಂದಿಲ್ಲ ಸಾರ್, ಹೊಸದಿದ್ದಂಗೆ ಅಂದೆ' ಅಂದ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ ಇತ್ತು. ಅದರಲ್ಲಿ ನಮ್ಮ ಕಾರಿನ ರಿಪೇರಿಗೆ ಬಿಡಿಗಾಸೂ ಸಿಗುವುದಿಲ್ಲ. ಅಪಘಾತದ ದಿನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗೋಣ ಅಂತ ಊರವರು ಮುಂದಾಗಿದ್ದರು, ನಾವೇ ಬೇಡವೆಂದೆವು. ಆಟೋಮ್ಯಾಟಿಕ್ ಗೇರಿನ ಇಂಥ ಕಾರನ್ನು ಹಿಂದಿನ ಚಕ್ರ ನೆಲದ ಮೇಲಿಟ್ಟು ಎಳೆದರೆ ಗೇರ್‌ಬಾಕ್ಸ್ ಹಾಳಾಗಬಹುದು, ಪೂರ್ತಿ ಹೇರಿಕೊಂಡು ಹೋಗುವ ಗಾಡಿಯೇ ಬೇಕು. ಅದು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ಸ್ಪೋರ್ಟ್ಸ್ ಕಾರು ನಮಗೆಲ್ಲಿ ಬರಬೇಕು ಅನ್ನುವವರು ಗಮನಿಸಿ: ಓಮ್ನಿ, ಬೊಲೆರೊ, ಇನ್ನೋವಾ ಕ್ರಿಸ್ಟಾ, ಟಾಟಾ ಏಸ್ ಇವೆಲ್ಲವೂ ಹಿಂದಿನ ಚಕ್ರದಿಂದಲೇ ಓಡುವವು. ಸಂತೆಗೆ ಮಾಲು ಇಳಿಸಿ ಖಾಲಿ ಬರುವ ಏಸ್‌ನ ಹಿಂಭಾಗ ಆ ಕಾರಿಗಿಂತಲೂ ಹಗುರ. ರಸ್ತೆ ಮೇಲೆ ಒಕ್ಕಣೆ ಕಂಡರೆ ಅದು ಬರುವ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿ. ಮೇಲೆ ಹತ್ತಿದ ಮೇಲೆ ಬ್ರೇಕ್, ಸ್ಟೀರಿಂಗ್, ಆಕ್ಸಿಲರೇಟರ್ ಯಾವುದನ್ನೂ ಥಟ್ಟನೆ ಮುಟ್ಟಬೇಡಿ. ದಾಟಿದ ಮೇಲೆ ಬರಿ ನೆಲದಲ್ಲಿ ನಿಲ್ಲಿಸಿ, ಬಗ್ಗಿ ಅಡಿಯಲ್ಲಿ ಬಳ್ಳಿ ಸುತ್ತಿಕೊಂಡಿದೆಯಾ ನೋಡಿ. ಹುರುಳಿ ರಾಶಿಯ ಮೇಲಂತೂ ಗಾಡಿ ನಿಲ್ಲಿಸಲೇಬೇಡಿ.