ಕೊಯ್ದ ಬೆರಳಿಗೆ ಬ್ಯಾಂಡೇಡೋ, ಬಾಟಲಿ ಬ್ಯಾಂಡೇಜೋ?

ಅಡಿಕೆ ಸುಲಿತ ಶುರುವಾಯಿತೆಂದರೆ ನಮ್ಮನೆಯ ಬ್ಯಾಂಡೇಡ್ ಡಬ್ಬಿ ವಾರಕ್ಕೇ ಖಾಲಿ. ಮೆಟ್ಟುಗತ್ತಿ ಮುಂದೆ ಕೂತು ಹೆಬ್ಬೆರಳು ಕೊಯ್ದುಕೊಳ್ಳದವರನ್ನು ನಾನಂತೂ ಕಂಡಿಲ್ಲ. ಗಾಯ ಎಂದರೆ ಅಂಥ ಗಾಯವೇನಲ್ಲ, ಅಕ್ಕಿಕಾಳಿನುದ್ದದ ಗೀರು. ಆದರೆ ಹಸಿ ಅಡಿಕೆಯ ಚೊಗರು ಅದಕ್ಕೆ ತಾಗಿದಾಗಿನ ಉರಿ, ಮತ್ತೆ ಅದೇ ಕೈಯಲ್ಲಿ ಪಾತ್ರೆ, ಕೊಟ್ಟಿಗೆ ಕೆಲಸ. ಕೈ ಒಣಗಿರುವುದೇ ಮಲಗುವ ಹೊತ್ತಿಗೆ.

ಹೋದ ಸುಲಿತದಲ್ಲಿ ನಾದಿನಿ ಅಮೆರಿಕದಿಂದ ಬಂದವಳು ಒಂದು ಪುಟ್ಟ ಬಾಟಲಿ ಕೊಟ್ಟಳು. ಲಿಕ್ವಿಡ್ ಬ್ಯಾಂಡೇಜ್, ಹಚ್ಚಿದರೆ ಗಾಯದ ಮೇಲೆ ಪೊರೆಯಾಗಿ ಒಣಗುತ್ತದೆ ಎಂದಳು. ಇನ್ನು ಗಾಯಕ್ಕೇನೂ ಬರ ಇರಲಿಲ್ಲವಲ್ಲ, ಸೀಸನ್ ಮುಗಿಯುವ ತನಕ ಒಂದಕ್ಕೆ ಇದು, ಒಂದಕ್ಕೆ ಅದು ಎಂದು ಹಾಕಿ ನೋಡಿದೆ.

ಮೊದಲು ನಮ್ಮ ಬ್ಯಾಂಡೇಡ್. ಇದು ಹುಟ್ಟಿದ್ದೇ ಅಡುಗೆಮನೆಯ ಗಾಯಕ್ಕೆ. 1920ರಲ್ಲಿ ಅರ್ಲ್ ಡಿಕ್ಸನ್ ಎಂಬಾತ, ಅಡುಗೆ ಮಾಡುವಾಗ ಪದೇಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗೋಸ್ಕರ ಅಂಟುಪಟ್ಟಿಯ ಮೇಲೆ ಗಾಜ್ ಬಟ್ಟೆಯ ತುಂಡು ಕೂರಿಸಿ ಮಾಡಿಕೊಟ್ಟದ್ದು. ಪುಣ್ಯಾತ್ಗಿತ್ತಿಗೆ ಅಡಿಕೆ ಸುಲಿಯುವ ಕೆಲಸ ಇರಲಿಲ್ಲ. ನನ್ನ ಕೈಯಲ್ಲಿ ಅದು ಅರ್ಧ ಗಂಟೆ ನಿಂತರೆ ಹೆಚ್ಚು. ನಡುವಿನ ಹತ್ತಿ ಚೊಗರು ಕುಡಿದು ಕಪ್ಪಾಗುತ್ತದೆ, ಬಿಚ್ಚಿ ನೋಡಿದರೆ ಚರ್ಮ ನೆನೆಸಿದ ಅವರೆಕಾಳಿನ ಹಾಗೆ ಬೆಳ್ಳಗೆ ಸುಕ್ಕು. ಆದರೂ ಅದರದ್ದೊಂದು ಗುಣವನ್ನು ಆಗ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ: ಬೇಕೆಂದಾಗ ಬಿಚ್ಚಿ ನೋಡಬಹುದು.

ಪೊವಿಡೋನ್ ಅಯೋಡಿನ್ ಮುಲಾಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಹಚ್ಚಿ, ಮೇಲೊಂದು ಗಾಜ್ ಸುತ್ತಿ ಮಲಗುವುದಕ್ಕೆ ಚೆನ್ನ. ಹಗಲು ಕೆಲಸದಲ್ಲಿ ಬೆರಳಲ್ಲಿರುವುದಕ್ಕಿಂತ ಸೀರೆ ಸೆರಗಿನಲ್ಲೇ ಜಾಸ್ತಿ ಇರುತ್ತದೆ.

ಈಗ ಬಾಟಲಿ. ನಾದಿನಿ ತಂದದ್ದರಲ್ಲಿ ಇದ್ದದ್ದು ಪೊರೆ ಕಟ್ಟುವ ನೈಟ್ರೋಸೆಲ್ಯುಲೋಸ್, ಜೊತೆಗೆ 0.2 ಶೇಕಡಾ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕ್ರಿಮಿನಾಶಕ. ಇದರ ಅಜ್ಜ ಕೊಲೋಡಿಯನ್. ಇದೇ ನೈಟ್ರೋಸೆಲ್ಯುಲೋಸನ್ನು ಆಲ್ಕೋಹಾಲು, ಈಥರ್‌ನಲ್ಲಿ ಕರಗಿಸಿ ಗಾಯಕ್ಕೆ ಹಚ್ಚುವ ಪದ್ಧತಿ 1840ರ ದಶಕದಲ್ಲೇ ಇತ್ತು. ಉಗುರು ಬಣ್ಣದ ಪೊರೆಯೂ ಇದೇ ನೈಟ್ರೋಸೆಲ್ಯುಲೋಸಿನದು. ವಾಸನೆಯೂ ಥೇಟ್ ಹಾಗೇ. ಮೊದಲ ದಿನ ಅಡಿಕೆ ಬೇಯಿಸುವ ಒಲೆಯ ಬೆಳಕಿಗೇ ಕೂತು ಮುಚ್ಚಳ ತೆಗೆದೆ. ಅತ್ತೆ ಆಚೆಯಿಂದಲೇ, "ಎಂತ ಮಾರಾಯ್ತಿ, ಒಲೆ ಹತ್ರ ಉಗುರು ಬಣ್ಣ ಹಚ್ತಾ ಕೂತಿದೀಯ?" ಎಂದರು. ಬೈದದ್ದು ಒಳ್ಳೆಯದೇ ಆಯಿತು. ಅದರ ಆವಿಗೂ ಬೆಂಕಿ ಹೊತ್ತಿಕೊಳ್ಳುತ್ತದೆ. ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು.

ಬ್ರಷ್ ತಾಗಿದ ಕೂಡಲೇ ಚುರುಕ್ ಎಂದು ಕಣ್ಣಲ್ಲಿ ನೀರು. ಇಪ್ಪತ್ತು ಎಣಿಸುವಷ್ಟರಲ್ಲಿ ಉರಿ ಇಳಿಯಿತು, ಗೀರಿನ ಮೇಲೆ ಹಾಲಿನ ಕೆನೆಯಂಥ ತೆಳು ಪೊರೆ. ಅದು ಒಣಗಿದ ಮೇಲೆ ಇನ್ನೊಂದು ಸಲ ಸವರಿದೆ. ಮಾರನೆಯ ದಿನ ಚೊಗರಿನಲ್ಲಿ ಬೆರಳು ಅದ್ದಿದರೂ ಉರಿಯಲಿಲ್ಲ. ಎರಡು ದಿನ ನಿಂತಿತು. ಆಮೇಲೆ ಅಂಚು ಎದ್ದಾಗ ಕಿತ್ತರೆ ಒಣಗಿದ ಹಕ್ಕಳೆಯೂ ಜೊತೆಗೇ ಬರುತ್ತದೆ. ಕೀಳುವ ಬದಲು ಪೊರೆಯ ಮೇಲೇ ಹೊಸದಾಗಿ ಸವರಿ, ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿದರೆ ಹಳೆಯ ಪೊರೆ ಕರಗಿ ಬರುತ್ತದೆ. ಚಳಿಗೆ ಉಗುರಿನ ಪಕ್ಕ ಸೀಳುವ ಬಿರುಕಿಗಂತೂ ಇದರ ಸಮ ಇನ್ನೊಂದಿಲ್ಲ.

ಇದೇ ಹುರುಪಿನಲ್ಲಿ ಮೂರನೆಯ ಗಾಯಕ್ಕೆ ಎಡವಟ್ಟು ಮಾಡಿಕೊಂಡೆ. ಸುಲಿಯುವ ಅವಸರ, ಸರಿಯಾಗಿ ತೊಳೆಯದೆ ಸೆರಗಿಗೆ ಒರೆಸಿ ಹಚ್ಚಿಬಿಟ್ಟೆ. ಮೂರನೆಯ ದಿನ ಬೆರಳು ಟಕ್ ಟಕ್ ಎಂದು ಬಡಿಯತೊಡಗಿತು. ಬೆಳಕಿಗೆ ಹಿಡಿದರೆ ಗಾಜಿನ ಕೆಳಗೆ ಇಟ್ಟ ಹಾಗೆ ಕಾಣುತ್ತಿತ್ತು: ಅಡಿಕೆ ಸಿಪ್ಪೆಯ ಒಂದು ಎಳೆ ನಾರು, ಸುತ್ತ ಹಳದಿ ಕೀವು. ಪೊರೆ ತೆಗೆಸಿ, ಕೀವು ತೆಗೆಸಿ, ಮಾತ್ರೆ ನುಂಗಿ, ಐದು ದಿನ ಸುಲಿತಕ್ಕೆ ರಜೆ. ಒಳಗೆ ಏನಿದೆಯೋ ಅದನ್ನೇ ಇದು ಮುಚ್ಚುತ್ತದೆ. ಬಾಟಲಿಯಲ್ಲಿ ಕ್ರಿಮಿನಾಶಕ ಇದೆ ಎಂದು ತೊಳೆಯುವುದನ್ನು ಬಿಡುವ ಹಾಗಿಲ್ಲ.

ಅಂದಿನಿಂದ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಒತ್ತಿ ಹಿಡಿದು ರಕ್ತ ಪೂರ್ತಿ ನಿಲ್ಲಿಸಿ, ಚರ್ಮ ಒಣಗಿಸಿಯೇ ಬಾಟಲಿ ತೆಗೆಯುವುದು. ಕೆಳಗೆ ಮುಲಾಮು, ವ್ಯಾಸಲಿನ್ ಇದ್ದರೆ ಪೊರೆ ಕೂರುವುದೇ ಇಲ್ಲ. ಅಗಲಕ್ಕೆ ಬಾಯಿಬಿಟ್ಟ ಗಾಯ, ಆಳಕ್ಕೆ ಚುಚ್ಚಿದ ಮುಳ್ಳು ಅಥವಾ ಮೊಳೆ, ಸುಟ್ಟ ಗಾಯ, ಕೆಂಪಾಗಿ ಬಾತದ್ದು ಇವಕ್ಕೆ ಹಚ್ಚಬಾರದು. ಕಣ್ಣು, ತುಟಿಯ ಹತ್ತಿರವೂ ಬೇಡ. ಕೊಳೆಯಾದ ಗಾಯಕ್ಕೆ, ಚುಚ್ಚಿದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಡಾಕ್ಟರನ್ನೇ ಕೇಳುವುದು. ನಾಯಿ ಕಚ್ಚಿದ್ದನ್ನು ಮುಚ್ಚಲೇಬಾರದು, ಹದಿನೈದು ನಿಮಿಷ ಸೋಪಿನಲ್ಲಿ ತೊಳೆದು ಸೀದಾ ಆಸ್ಪತ್ರೆ.

ನಮ್ಮನೆಯವರದ್ದು ಬೇರೆಯೇ ಪಂಥ. ಚಪ್ಪಲಿಗೆ ಹಾಕುವ ಸೂಪರ್ ಗ್ಲೂ ಒಂದು ಹನಿ ಬೆರಳಿಗೂ ಬಿಟ್ಟುಕೊಂಡು, "ಡಾಕ್ಟರೂ ಇದನ್ನೇ ಹಾಕೋದು" ಎನ್ನುತ್ತಾರೆ. ಅರ್ಧ ನಿಜ. ಡಾಕ್ಟರು ಹೊಲಿಗೆಯ ಬದಲು ಹಾಕುವುದು 2-ಆಕ್ಟೈಲ್ ಸಯನೋಅಕ್ರಿಲೇಟ್, ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅಂಗಡಿಯ ಗ್ಲೂ ಸಾಮಾನ್ಯವಾಗಿ ಅದೇ ಕುಟುಂಬದ ಈಥೈಲ್ ಜಾತಿಯದು: ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಬೆರಳು ಮಡಚಿದರೆ ಬಿರುಕು ಬಿಡುತ್ತದೆ, ಹಸಿ ಮಾಂಸವನ್ನು ಕೆರಳಿಸುತ್ತದೆ. ಒಂದು ದಿನ ಇವರು ರಕ್ತ ಒರೆಸಿದ ಹತ್ತಿ ಹಿಡಿದುಕೊಂಡೇ ಹನಿ ಬಿಟ್ಟರು. ಹತ್ತಿಗೆ ಗ್ಲೂ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೊಯ್ದ ಗಾಯದ ಪಕ್ಕ ಒಂದು ಬೊಬ್ಬೆಯೂ ಎದ್ದಿತು. ನಮ್ಮನೆಯಲ್ಲಿ ಗ್ಲೂ ಈಗ ಚಪ್ಪಲಿಗೆ ಮಾತ್ರ.

ಈ ವರ್ಷ ಬಾಟಲಿಯನ್ನು ಜಗುಲಿಯ ಕಪಾಟಿನಲ್ಲಿ ಮಕ್ಕಳ ಕೈಗೂ ಒಲೆಗೂ ದೂರ ಇಟ್ಟಿದ್ದೇನೆ. ಬ್ಯಾಂಡೇಡ್ ಮೆಟ್ಟುಗತ್ತಿ ಪಕ್ಕದಲ್ಲೇ ಇದೆ. ಗಾಯ ಶುದ್ಧವಾಗಿದೆಯೋ ಇಲ್ಲವೋ ಎಂಬ ಅನುಮಾನ ಒಂಚೂರು ಬಂದರೂ ಮೊದಲೆರಡು ದಿನ ಅದೇ. ಮಗನ ಮಂಡಿ ತರಚಿದಾಗಲೂ ಅದೇ, ಅಷ್ಟಗಲಕ್ಕೆ ಆ ಉರಿ ಕೊಡಲು ಮನಸ್ಸು ಬಾರದು.

ಮೊನ್ನೆ ಅತ್ತೆ ತಮ್ಮ ಹಿಮ್ಮಡಿಯ ಒಡಕಿಗೆ ಬಾಟಲಿ ಕೇಳಿದರು. ಅವರಿಗೆ ಶುಗರ್ ಇದೆ, ಕಾಲಿನ ಗಾಯ ಒಳಗೇ ಕೆಟ್ಟರೆ ನೋವೂ ತಿಳಿಯದಿರಬಹುದು. ಡಾಕ್ಟರಿಗೆ ತೋರಿಸದೆ ಕೊಡುವುದಿಲ್ಲ ಎಂದೆ. "ನಿನ್ನ ಬೆರಳಿಗಾದ್ರೆ ಆಗ್ತದೆ, ನನ್ನ ಕಾಲಿಗೆ ಆಗೂದಿಲ್ವಾ?" ಎಂದು ಎರಡು ದಿನ ಮಾತು ಬಿಟ್ಟರು. ಸೋಮವಾರ ಆಸ್ಪತ್ರೆಗೆ ಹೋಗುವುದಿದೆ, ಬಾಟಲಿಯನ್ನೂ ಚೀಲದಲ್ಲಿ ಹಾಕಿಟ್ಟುಕೊಂಡಿದ್ದಾರೆ.