ಬಿದ್ರಿ ಹೂದಾನಿ: ಕಪ್ಪು ನೋಡಿ, ತಂತಿ ನೋಡಿ, ಆಮೇಲೆ ಬೆಲೆ ಕೇಳಿ

ಪಡಸಾಲೆಯ ಅಲಂಕಾರಕ್ಕೆ ಒಂದೇ ಒಂದು ವಸ್ತು ಕೊಳ್ಳುವ ಮನಸ್ಸಿದ್ದರೆ ಬೀದರ್‌ಗೆ ಹೋಗಿ ಒಂದು ಒಳ್ಳೆಯ ಬಿದ್ರಿ ಹೂದಾನಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು, ತನ್ನಿ. ಆರೇಳು ಸಣ್ಣ ಸಾಮಾನು ಕೊಳ್ಳುವ ದುಡ್ಡನ್ನು ಆ ಒಂದಕ್ಕೇ ಹಾಕಿದರೂ ನಷ್ಟವಿಲ್ಲ. ಆದರೆ ಊರ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಓಣಿಗಳಲ್ಲಿ ಅಂಗಡಿಯ ಗಾಜಿನ ಹಿಂದೆ ಕಪ್ಪಗೆ ಕಾಣುವುದೆಲ್ಲ ಒಂದೇ ದರ್ಜೆಯ ಮಾಲಲ್ಲ. ಒಂದೇ ಎತ್ತರದ ಎರಡು ಹೂದಾನಿಗಳ ಬೆಲೆಯಲ್ಲಿ ಮೂರು ನಾಲ್ಕು ಪಟ್ಟು ವ್ಯತ್ಯಾಸ ಇರಬಹುದು, ಎರಡೂ ಬೆಲೆ ನ್ಯಾಯವಾಗಿಯೇ ಇರಬಹುದು. ಯಾಕೆಂದು ತಿಳಿಯಬೇಕಾದರೆ ಅದು ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಿರಬೇಕು.

ಬಿದ್ರಿಯ ಮೈ ಸತುವಿನದು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸುತ್ತಾರೆ. ಔಡಲ ಎಣ್ಣೆ ಮತ್ತು ರಾಳ ಕಲಸಿ ಹದ ಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಇದರಿಂದ ಬರುವ ಕಪ್ಪು ತಾತ್ಕಾಲಿಕ, ಕುಶಲಕರ್ಮಿ ಗೀರುವ ಚಿತ್ತಾರದ ಗೆರೆ ಕಣ್ಣಿಗೆ ಕಾಣಲಿ ಎಂದು ಮಾತ್ರ. ಆಮೇಲೆ ಉಳಿಯಿಂದ ಆ ಗೆರೆಗಳನ್ನು ಕೊರೆದು, ಶುದ್ಧ ಬೆಳ್ಳಿಯ ತಂತಿಯನ್ನು ಅದರೊಳಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಅಂಟು ಇಲ್ಲ, ಬೆಸುಗೆ ಇಲ್ಲ. ಬೆಳ್ಳಿ ಮೆದು, ಕೊರೆದ ಗೆರೆಯ ಅಂಚು ಗಟ್ಟಿ. ಆ ಹಿಡಿತವೇ ತಂತಿಯನ್ನು ತಲೆಮಾರುಗಟ್ಟಲೆ ಉಳಿಸುವುದು.

ಇನ್ನು ಕಪ್ಪು. ಬೆಳ್ಳಿ ಕೂರಿಸಿ ಪಾಲಿಶ್ ಮಾಡಿದಾಗ ತಾತ್ಕಾಲಿಕ ಕಪ್ಪು ಅಳಿಸಿಹೋಗಿ ಸತುವೂ ಬೆಳ್ಳಿಯೂ ಒಂದೇ ಬಿಳುಪಾಗಿ ಕಾಣುತ್ತವೆ. ಇಷ್ಟು ದಿನ ಕೂತು ಮಾಡಿದ ಚಿತ್ತಾರ ಹತ್ತಿರ ಹಿಡಿದರೂ ಸರಿಯಾಗಿ ತೋರುವುದಿಲ್ಲ. ಆಗ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ನೀರಿನಲ್ಲಿ ಕಾಯಿಸಿ ಪಾತ್ರೆಯನ್ನು ಅದರಲ್ಲಿ ತಿರುಗಿಸುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ, ಚಿತ್ತಾರ ಒಮ್ಮೆಲೇ ಎದ್ದು ಬರುತ್ತದೆ. ಮಳೆ ಬಿಸಿಲು ತಾಗದ ಹಳೆಯ ಭಾಗಗಳ ಮಣ್ಣನ್ನೇ ಆರಿಸುತ್ತಾರೆ, ಅನುಭವಸ್ಥರು ನಾಲಗೆಗೆ ಮುಟ್ಟಿಸಿ ಅದರ ಗುಣ ಹೇಳುತ್ತಾರೆ. ಕೊನೆಗೆ ಎಣ್ಣೆ ಸವರಿದಾಗ ಕಪ್ಪು ಇನ್ನೂ ಗಾಢವಾಗುತ್ತದೆ. ಅಂದರೆ ಒಳ್ಳೆಯ ಬಿದ್ರಿಯ ಕಪ್ಪು ಮೇಲೆ ಬಳಿದ ಬಣ್ಣವಲ್ಲ, ಲೋಹದ ಮೈಯೇ ಹಾಗೆ ತಿರುಗಿದ್ದು. ಕೊಳ್ಳುವಾಗಿನ ಮೊದಲ ಪರೀಕ್ಷೆ ಇಲ್ಲಿಂದಲೇ ಶುರು.

ಪಾತ್ರೆಯನ್ನು ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡಿ, ಅಂಗಡಿಯ ದೀಪದಡಿ ಬೇಡ. ನಿಜವಾದ ಕಪ್ಪು ಮಂಕಾಗಿ, ಆಳವಾಗಿ ಇರುತ್ತದೆ. ಮಿರಿಮಿರಿ ಮಿಂಚುತ್ತಿದ್ದರೆ ಮೇಲೆ ವಾರ್ನಿಶ್ ಅಥವಾ ಪೇಂಟ್ ಇದೆ ಎಂದು ಸಂಶಯ ಪಡಿ. ತಳವನ್ನು ತಿರುಗಿಸಿ ಅಂಚಿನಲ್ಲಿ ಉಗುರಿನಿಂದ ಗೀರಿ. ಪದರ ಎದ್ದರೆ ಅದು ಪೇಂಟ್. ತಳದ ಸವೆದ ಜಾಗದಲ್ಲಿ ಹಳದಿ ಇಣುಕಿದರೆ ಒಳಗಿರುವುದು ಹಿತ್ತಾಳೆ. ಸತುವಿನ ಬಣ್ಣ ನೀಲಿ ಛಾಯೆಯ ಬೂದು. ಕೈಯಲ್ಲಿ ಎತ್ತಿ ನೋಡಿ: ಅದೇ ಗಾತ್ರದ ಅಲ್ಯೂಮಿನಿಯಂ ನಕಲಿಗಿಂತ ಸತುವಿನದು ಎರಡೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಅಯಸ್ಕಾಂತ ಹಿಡಿಯಬಾರದು, ಹಿಡಿದರೆ ಕಬ್ಬಿಣ.

ಎರಡನೆಯದು ತಂತಿ. ಒಂದು ಒಣ ಹತ್ತಿ ಬಟ್ಟೆಯನ್ನು ಚಿತ್ತಾರದ ಮೇಲೆ ಎರಡೂ ದಿಕ್ಕಿಗೆ ಎಳೆಯಿರಿ. ಎಲ್ಲಾದರೂ ನೂಲಿನ ಎಳೆ ಸಿಕ್ಕಿಕೊಂಡರೆ ಅಲ್ಲಿ ತಂತಿಯ ತುದಿ ಎದ್ದಿದೆ: ಗೆರೆ ಆಳವಾಗಿ ಕೊರೆದಿಲ್ಲ, ಅಥವಾ ತಂತಿ ಕೊರೆತಕ್ಕಿಂತ ತೆಳುವಾಗಿದೆ. ಬಳ್ಳಿ ತಿರುಗುವ ಮೂಲೆ, ಹೂವಿನ ದಳಗಳು ಕೂಡುವ ನಡುಮಧ್ಯ, ಈ ಎರಡು ಜಾಗವನ್ನು ಬಿಡದೆ ನೋಡಿ. ಅವಸರದ ಕೆಲಸ ಸಿಕ್ಕಿಬೀಳುವುದು ಅಲ್ಲೇ. ಬೆಳ್ಳಿ ದುಬಾರಿಯಾದಷ್ಟೂ ತಂತಿ ತೆಳ್ಳಗಾಗುವ ಒತ್ತಡ ಇರುತ್ತದೆ, ಹೀಗಾಗಿ ಈ ಪರೀಕ್ಷೆ ಕೇಳಲು ನಾಚಿಕೆ ಪಡಬೇಡಿ. ಒಳ್ಳೆಯ ಕೆಲಸ ಇಟ್ಟವರು ತಾವೇ ಬಟ್ಟೆ ಕೊಟ್ಟು ತೋರಿಸುತ್ತಾರೆ.

ಬೆಲೆ ನಿಂತಿರುವುದು ಗಾತ್ರದ ಮೇಲಲ್ಲ, ಕೆತ್ತನೆಯ ದಟ್ಟಣೆ ಮತ್ತು ವಿಧದ ಮೇಲೆ. ತಂತಿ ಕೂರಿಸುವುದು ತಾರ್ಕಶಿ. ಬೆಳ್ಳಿಯ ತಗಡನ್ನು ಹೂವು, ಎಲೆಯ ಆಕಾರಕ್ಕೆ ಕತ್ತರಿಸಿ ಕೂರಿಸುವುದು ತೆಹನಿಶಾನ್. ಅದನ್ನೇ ಮೈಗಿಂತ ಉಬ್ಬಿಸಿ ಮಾಡಿದರೆ ಝರ್ನಿಶಾನ್. ಅಫ್ತಾಬಿಯಲ್ಲಿ ಬೆಳ್ಳಿಯೇ ನೆಲವಾಗಿ ಚಿತ್ತಾರ ಕಪ್ಪಾಗಿ ಉಳಿಯುತ್ತದೆ. ನಮ್ಮ ಆಯ್ಕೆ ದಟ್ಟ ತಾರ್ಕಶಿ ಬಳ್ಳಿಯ ನಡುವೆ ಅಲ್ಲಲ್ಲಿ ತೆಹನಿಶಾನ್ ಹೂವು ಇರುವ ಹೂದಾನಿ. ದೂರದಿಂದ ಹೂವು ಕಾಣುತ್ತದೆ, ಹತ್ತಿರ ಹೋದರೆ ಬಳ್ಳಿ. ನಾಣ್ಯದಂಥ ದುಂಡು ಬೂಟಿಗಳ ಅಶರ್ಫಿ ಬೂಟಿ ವಿನ್ಯಾಸವೂ ಚೆನ್ನ, ಆದರೆ ಸಣ್ಣ ಪಾತ್ರೆಯ ಮೇಲೆ ಗಿಜಿಗಿಜಿ ಅನಿಸುತ್ತದೆ. 2023ರಲ್ಲಿ ಬೀದರ್‌ನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಹೊರಗಿನ ಜನ ಹೆಸರು ಕೇಳಿ ಕೊಳ್ಳುವುದು ಹೆಚ್ಚಿದ್ದರೆ ಆಶ್ಚರ್ಯವಿಲ್ಲ; ಹೆಸರು ಕೇಳಿ, ಆದರೆ ತಂತಿ ನೋಡುವುದು ಬಿಡಬೇಡಿ. ಬಿದ್ರಿಗೆ 2006ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಆದರೂ ಬಿಲ್ ಮೇಲೆ ಮೈಯ ಲೋಹ ಮತ್ತು ಬೆಳ್ಳಿ ಎಂದು ಬರೆಸಿಕೊಳ್ಳುವುದೇ ಸರಿ.

ಉಳಿದ ಸಾಮಾನುಗಳ ಬಗ್ಗೆ ಚಿಕ್ಕದಾಗಿ. ಹೆಸರು ಕೆತ್ತಿಸುವ ನೆನಪಿನ ಕಾಣಿಕೆಗಳು ಸನ್ಮಾನಕ್ಕೆ ಸರಿ, ಮನೆಯ ಗೋಡೆಗೆ ಬೇಡ. ಗೋಡೆ ತಟ್ಟೆ ಚೆಂದ, ಹಿಂಬದಿಯ ಕೊಂಡಿ ಗಟ್ಟಿ ಇದೆಯೇ ನೋಡಿ. ಟೀ ಕಪ್ಪಿನಡಿ ಇಡುವ ಬಿದ್ರಿ ಬಿಲ್ಲೆಗಳನ್ನು ಕೊಳ್ಳಲೇಬೇಡಿ: ಬಿಸಿ ಲೋಟದ ತೇವ, ಚೆಲ್ಲಿದ ಲಿಂಬೆ ಚಹಾ ಸತುವನ್ನು ತಿನ್ನುತ್ತವೆ, ಕೆಲವೇ ತಿಂಗಳಲ್ಲಿ ಉಂಗುರ ಉಂಗುರ ಕಲೆ. ಪಾನ್‌ದಾನ್ ಮಾತ್ರ ಮನಸ್ಸಿಗೆ ಬಹಳ ಹಿಡಿಸಿತು. ಅಡಿಕೆ, ಲವಂಗ, ಏಲಕ್ಕಿ ಒಣಗಿದ್ದು ಇಡಬಹುದು. ಸುಣ್ಣವನ್ನು ನೇರ ಇಡಬಾರದು, ಸತುವಿಗೆ ಹುಳಿಯಷ್ಟೇ ಸುಣ್ಣವೂ ಕೇಡು; ಒಳಗೊಂದು ಸ್ಟೀಲಿನ ಪುಟ್ಟ ಬಟ್ಟಲಿಟ್ಟು ಅದರಲ್ಲಿ ಹಾಕಿ. ಊಟವಾದ ಮೇಲೆ ಇದನ್ನು ನಡುವೆ ಇಟ್ಟರೆ ಎಲೆ ಮಡಚುತ್ತ ಇನ್ನೊಂದು ತಾಸು ಮಾತು ನಡೆಯುತ್ತದೆ.

ಈಗ ಮನೆಯಲ್ಲಿ ಇಡುವುದು. ಹೂದಾನಿಯನ್ನು ಟಿವಿ ಪಕ್ಕದ ಶೋಕೇಸಿನಲ್ಲಿ ಗೊಂಬೆ, ಟ್ರೋಫಿಗಳ ನಡುವೆ ತುರುಕಿದರೆ ಅದು ಕಪ್ಪು ಗಡ್ಡೆಯಾಗಿ ಕಾಣುತ್ತದೆ, ಅಷ್ಟೇ. ಬೀದರ್, ಕಲಬುರಗಿ ಕಡೆಯ ಹಳೆಯ ಮನೆಗಳ ಗೋಡೆಯಲ್ಲಿ ದೀಪಕ್ಕೆಂದು ಮಾಡ ಇರುತ್ತಿತ್ತು. ಇರಾನಿನ ಮನೆಗಳಲ್ಲೂ ತಾಕ್ಚೆ ಎಂಬ ಇಂಥದೇ ಗೂಡು. ಜಪಾನಿನ ಮನೆಗಳ ತೊಕೊನೊಮಾ ಎಂಬ ಗೋಡೆಗೂಡಿನಲ್ಲಿ ಒಂದು ಚಿತ್ರಸುರುಳಿ, ಒಂದು ಹೂವಿನ ಜೋಡಣೆ ಇಟ್ಟು ಋತುವಿಗೆ ತಕ್ಕಂತೆ ಬದಲಿಸುತ್ತಾರೆ. ಸುತ್ತ ಖಾಲಿ ಬಿಡುವುದೇ ಅಲ್ಲಿನ ಅಲಂಕಾರ. ಮೂರೂ ಕಡೆ ಗೋಡೆಯೇ ಒಂದು ವಸ್ತುವಿಗೆ ಜಾಗ ಬಿಟ್ಟುಕೊಡುತ್ತದೆ, ಬಿದ್ರಿಗೆ ಬೇಕಾದದ್ದೂ ಅದೇ. ಎಂಟು ಇಂಚಿನ ಹೂದಾನಿಗೆ ಕನಿಷ್ಠ ಹದಿಮೂರು ಇಂಚು ಎತ್ತರದ ಗೂಡು ಬೇಕು, ಎರಡು ಪಕ್ಕ ಒಂದೊಂದು ಗೇಣು ಖಾಲಿ ಇರಲಿ. ಗೂಡಿಲ್ಲದಿದ್ದರೆ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಒಂದು ಹಲಗೆ ಸಾಕು.

ಹಿನ್ನೆಲೆಗೆ ಕೆಮ್ಮಣ್ಣಿನ ಬಣ್ಣ ಅಥವಾ ಸುಣ್ಣದ ಬಿಳುಪು. ಬೀದರ್ ನೆಲವೇ ಕೆಂಪು ಮುರಕಲ್ಲು, ಆ ಕೆಂಪಿನೆದುರು ಬಿದ್ರಿಯ ಕಪ್ಪು ಬೇರೆಲ್ಲೂ ಕಾಣದಷ್ಟು ಚೆನ್ನಾಗಿ ಕಾಣುತ್ತದೆ. ಬಂಜಾರಾ ಕಸೂತಿಯ ಕನ್ನಡಿ ಬಟ್ಟೆಯನ್ನು ಕೆಳಗೆ ಹಾಸಬೇಡಿ: ಎರಡೂ ಮಿನುಗಿ ಎರಡೂ ಸೋಲುತ್ತವೆ, ಕನ್ನಡಿಯ ಅಂಚು ತಳವನ್ನು ಗೀರುತ್ತದೆ. ಹಳೆಯ ಹತ್ತಿ ಸೀರೆಯ ಸಾದಾ ಕೌದಿ ತುಂಡು ಹೇಳಿ ಮಾಡಿಸಿದಂತಿರುತ್ತದೆ. ಬೆಳಕು ಮೇಲಿನಿಂದ ಓರೆಯಾಗಿ ಬೀಳಲಿ, 2700ರಿಂದ 3000 ಕೆಲ್ವಿನ್‌ನ ಹಳದಿ ಎಲ್‌ಇಡಿ, 3 ವ್ಯಾಟ್ ಸಾಕು. ಎದುರಿನಿಂದ ಬಿಳಿ ಟ್ಯೂಬ್‌ಲೈಟ್ ಬಿದ್ದರೆ ಬೆಳ್ಳಿ ಕಣ್ಣು ಕುಕ್ಕಿ ಚಿತ್ತಾರ ಮಾಯವಾಗುತ್ತದೆ. ಈ ಕಪ್ಪು–ಹೊಳಪಿನ ಲೆಕ್ಕ ಅರ್ಥವಾಗಬೇಕಾದರೆ ಕೋಟೆಯೊಳಗಿನ ರಂಗೀನ್ ಮಹಲ್ ನೋಡಿ ಬನ್ನಿ: ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ, ಬೇರೆ ಸಾಮಗ್ರಿ, ಅದೇ ರುಚಿ.

ಹೂವು ಇಡುವುದಿದ್ದರೆ ನೀರು ನೇರ ಹುಯ್ಯಬೇಡಿ. ಒಳಗೆ ಬಿಳಿ ಪುಡಿ ಕಟ್ಟುತ್ತದೆ, ಅದು ಸತುವಿನ ತುಕ್ಕು. ಒಳಗೊಂದು ಗಾಜಿನ ನಳಿಗೆ ಇಳಿಸಿ ಅದರಲ್ಲಿ ಸುಗಂಧರಾಜದ ಎರಡು ಕಡ್ಡಿ ಇಡಿ. ಇನ್ನೂ ಒಳ್ಳೆಯದೆಂದರೆ ಹಿಂಗಾರಿ ಜೋಳ ಕೊಯ್ಯುವಾಗ ನಾಲ್ಕೈದು ಒಣ ತೆನೆ ದಂಟಿನ ಸಮೇತ ತಂದಿಡುವುದು: ನೀರು ಬೇಡ, ತಿಂಗಳುಗಟ್ಟಲೆ ಇರುತ್ತದೆ, ತೆನೆಯ ಮಾಸಲು ಬಿಳುಪು ಬೆಳ್ಳಿಗೆ ಜೊತೆಯಾಗುತ್ತದೆ.

ಒರೆಸಲು ಒಣ ಮಲ್‌ಮಲ್ ಬಟ್ಟೆ, ಬೇರೇನೂ ಬೇಡ. ಹುಣಸೆಹಣ್ಣು, ಲಿಂಬೆ, ಹಿತ್ತಾಳೆ ತಿಕ್ಕುವ ಪುಡಿ ತಾಗಿದರೆ ಕಪ್ಪು ಹೋಗುತ್ತದೆ. ಮಂಕಾದಾಗ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಹಚ್ಚಿ ಸವರಿ, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ; ಎಣ್ಣೆ ಉಳಿದರೆ ಧೂಳು ಅಂಟುತ್ತದೆ. ಬೆಳ್ಳಿ ಕಂದಿದ್ದರೆ ಅದೇ ಬಟ್ಟೆಯ ತುದಿಯಿಂದ ಬೆಳ್ಳಿಯ ಮೇಲೆ ಮಾತ್ರ ಉಜ್ಜಿ. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕಪ್ಪು ತೇಪೆ ತೇಪೆಯಾಗಿ ಹೋಗಿದ್ದರೆ ಮನೆಮದ್ದು ಬೇಡ, ಬೀದರ್‌ನ ಕಾರ್ಖಾನೆಗೇ ಒಯ್ಯಿರಿ. ಪಾಲಿಶ್ ಮಾಡಿ ಮತ್ತೆ ಮಣ್ಣಿನಲ್ಲಿ ಕಾಯಿಸಿದರೆ ಹೊಸದರಂತಾಗುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ಈ ಮಿಶ್ರಲೋಹ ಗಟ್ಟಿ, ಆದರೆ ಪೆಡಸು. ಶಹಾಬಾದ್ ಕಲ್ಲಿನ ನೆಲದ ಮೇಲೆ ಬಿದ್ದರೆ ತಗ್ಗು ಬೀಳುವ ಬದಲು ಕತ್ತು ಬಿರುಕು ಬಿಡುತ್ತದೆ, ಆ ಬಿರುಕನ್ನು ಚಿತ್ತಾರ ಕೆಡದಂತೆ ಮುಚ್ಚುವುದು ಕಷ್ಟ. ಹೂದಾನಿಯ ತಳಕ್ಕೆ ತೆಳು ಫೆಲ್ಟ್ ಬಟ್ಟೆ ಅಂಟಿಸಿ, ಸಣ್ಣ ಮಕ್ಕಳಿರುವ ಮನೆಯಲ್ಲಿ ನಾಲ್ಕೂವರೆ ಅಡಿಗಿಂತ ಮೇಲಿಡಿ. ಬೀದರ್‌ನಿಂದ ಒಯ್ಯುವಾಗ ಮಖಮಲ್ ಪೆಟ್ಟಿಗೆಯನ್ನೊಂದೇ ನಂಬಬೇಡಿ. ಕತ್ತಿನ ಸುತ್ತ ಹತ್ತಿ ಬಟ್ಟೆ ತುಂಬಿಸಿ ಕಟ್ಟಿಕೊಡಲು ಅಂಗಡಿಯಲ್ಲೇ ಹೇಳಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಿ.